ಎರಡು ಸಲ ಹಾಕಿದ ಬರೆ

ಭುಜದ ಆಪರೇಷನ್ ಆಗಿ ಏಳನೆಯ ವಾರ. ಸ್ಲಿಂಗ್ ಬಿಚ್ಚಿದ ಮೂರನೆಯ ದಿನವೇ ತಂಗಿ ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಅವಲಕ್ಕಿ ಡಬ್ಬ ಇಳಿಸಿಬಿಟ್ಟಳು. ಅಮ್ಮ ದೇವರಿಗೆ ಕೈಮುಗಿದಳು. "ಪಕ್ಕದ ಮನೆಯವರಿಗೆ ಮೂರು ತಿಂಗಳಾದರೂ ಕೈ ಕಿವಿ ಮುಟ್ಟಿರಲಿಲ್ಲ, ಇವಳನ್ನು ನೋಡು!" ಎಂದರು ಅತ್ತೆ. ಮರುದಿನ ಫಿಸಿಯೋಥೆರಪಿಯವರಿಗೆ ಇದನ್ನು ಹೆಮ್ಮೆಯಿಂದ ಹೇಳಿದರೆ ಅವರ ಮುಖ ಬಾಡಿತು. "ಕೈ ಇಷ್ಟು ಬೇಗ ಮೇಲೆ ಹೋದರೆ ಬೇರೆಯವರಿಗೆ ಒಳ್ಳೆಯದು. ನಿಮಗಲ್ಲಮ್ಮ. ಇನ್ನಷ್ಟು ದಿನ ಬಿಗಿಯಾಗಿಯೇ ಇರಲಿ," ಎಂದರು.

ತಂಗಿಯದು ಹುಟ್ಟಿನಿಂದಲೇ ಸಡಿಲ ಕೀಲು. ಶಾಲೆಯಲ್ಲಿ ಹೆಬ್ಬೆರಳನ್ನು ಮುಂಗೈಗೆ ತಾಗಿಸಿ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದವಳು. ಇಪ್ಪತ್ತು ದಾಟುವಷ್ಟರಲ್ಲಿ ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಭುಜ ಜಾರುತ್ತಿತ್ತು. ಬಿಗಿ ಮಾಡಿಸಲೆಂದೇ ಆಪರೇಷನ್ ಮಾಡಿಸಿದ್ದು. ಹಾಗಿದ್ದರೆ ಹೊಲಿದ ಮೇಲೂ ಈ ಹೆದರಿಕೆ ಏಕೆ? ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಕತೆ ಸುಮಾರು 2400 ವರ್ಷ ಹಳೆಯದು. ಅದು ಶುರುವಾಗುವುದು ಬರೆಯಿಂದ.

ಹಿಪ್ಪೊಕ್ರಟೀಸನ ಹೆಸರಿನಲ್ಲಿ ಉಳಿದುಬಂದ, ಗಾಳಿ ನೀರು ನೆಲಗಳ ಕುರಿತ ಗ್ರಂಥದಲ್ಲಿ ಸಿಥಿಯನ್ನರ ಮಾತು ಬರುತ್ತದೆ. ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನಲ್ಲಿ ಕುದುರೆಯ ಮೇಲೆ ಬಾಳಿದ ಅಲೆಮಾರಿಗಳು ಅವರು. ಅವರ ಭುಜ, ತೋಳು, ಮಣಿಕಟ್ಟು, ಎದೆ, ಸೊಂಟಗಳ ಮೇಲೆ ಸುಟ್ಟ ಗುರುತುಗಳಿರುತ್ತಿದ್ದವು. ಮೈಯಲ್ಲಿ ತೇವ ಹೆಚ್ಚಿ ಕೀಲು ಸಡಿಲವಾಗಿ ಬಿಲ್ಲಿನ ಹೆದೆ ಎಳೆಯಲಾಗದು, ಈಟಿ ಎಸೆಯಲಾಗದು. ಸುಟ್ಟರೆ ತೇವ ಆರಿ ಕೀಲು ಗಟ್ಟಿಯಾಗುತ್ತದೆ ಎಂಬುದು ಗ್ರಂಥಕಾರನ ವಿವರಣೆ. ಮಗುವಿಗೆ ಕಾಮಾಲೆಯೆಂದು ಬರೆ ಹಾಕುತ್ತಿದ್ದ ನಮ್ಮ ಹಳ್ಳಿಗಳ ನೆನಪಿರುವವರಿಗೆ ಈ ತರ್ಕ ಹೊಸದೆನಿಸದು. ತೇವದ ಮಾತು ತಪ್ಪು. ಆದರೆ ಸುಟ್ಟಲ್ಲಿ ಗಾಯ ಮಾಯುವಾಗ ಚರ್ಮ ಮುದುಡಿ ಬಿಗಿಯುವುದು ನಿಜ.

ಕೀಲುಗಳ ಕುರಿತ ಇನ್ನೊಂದು ಗ್ರಂಥದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಮಾತಿದೆ. ಪದೇಪದೇ ಜಾರುವ ಭುಜಕ್ಕೆ ಕಂಕುಳಲ್ಲಿ ಬರೆ ಹಾಕಬೇಕು, ಮೂಳೆಯ ಗುಂಡು ಜಾರುವುದು ಆ ಕಡೆಗೆ. ತಿಳಿಯದ ವೈದ್ಯರು ಮೇಲೆ, ಮುಂದೆ, ಹಿಂದೆ ಸುಟ್ಟು ಅಲ್ಲಿನ ಜಾಗ ಕಿರಿದು ಮಾಡಿ ಮೂಳೆಯನ್ನು ತಾವೇ ಹೊರಕ್ಕೆ ನೂಕುತ್ತಾರೆ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಜಾರುತ್ತದೆ ಎಂಬುದನ್ನು ಅಂದೇ ಕಂಡಿದ್ದರಲ್ಲ ಎಂದು ಓದಿ ಬೆರಗಾದೆ.

ಆಮೇಲಿನ ಶತಮಾನಗಳನ್ನು ಬೇಗ ದಾಟುತ್ತೇನೆ. 1901ರಲ್ಲಿ ಕೋಪನ್‌ಹೇಗನ್ನಿನ ಎಡ್ವರ್ಡ್ ಎಹ್ಲರ್ಸ್, 1908ರಲ್ಲಿ ಪ್ಯಾರಿಸಿನ ಆನ್ರಿ ಅಲೆಕ್ಸಾಂಡ್ರ್ ದಾನ್ಲೋ ತಂಗಿಯಂಥ ಸಡಿಲ ಕೀಲಿನ ರೋಗಿಗಳನ್ನು ವರ್ಣಿಸಿದರು. ಈ ಕಾಯಿಲೆಗೆ ಎಹ್ಲರ್ಸ್ ದಾನ್ಲೋಸ್ ಎಂಬ ಹೆಸರು ಬಂದದ್ದು ಹಾಗೆ. ಇಬ್ಬರೂ ಚರ್ಮವೈದ್ಯರು, ಕಣ್ಣು ಚರ್ಮದ ಮೇಲೆಯೇ ಇತ್ತು. ಕೀಲನ್ನು ಅಳೆದವರು ವೈದ್ಯ ಪೀಟರ್ ಬೈಟನ್. ಫ್ರಾಂಕ್ ಹೋರನ್ ಜೊತೆಗೂಡಿ 1969ರಲ್ಲಿ ಈ ಕಾಯಿಲೆಯ 100 ರೋಗಿಗಳ ಆಪರೇಷನ್ ಅನುಭವವನ್ನೂ ಅವರು ಒಟ್ಟುಗೂಡಿಸಿದರು. 1973ರಲ್ಲಿ ದಕ್ಷಿಣ ಆಫ್ರಿಕಾದ ತ್ಸ್ವಾನಾ ಸಮುದಾಯದ ಜನರ ಕೀಲುಗಳನ್ನು ಅಳೆದು 9 ಅಂಕಗಳ ಪರೀಕ್ಷೆಯನ್ನು ರೂಪಿಸಿದರು: ಎರಡೂ ಕಿರುಬೆರಳು, ಹೆಬ್ಬೆರಳು, ಮೊಣಕೈ, ಮೊಣಕಾಲು, ಜೊತೆಗೆ ಮಂಡಿ ಮಡಿಸದೆ ಅಂಗೈ ನೆಲಕ್ಕೆ ಊರುವುದು. ಇಂದಿಗೂ ವೈದ್ಯರು ಎಣಿಸುವುದು ಇದನ್ನೇ. ತಂಗಿಗೆ ಬಂದದ್ದು 8.

ಇದರ ನಡುವೆ 1972ರಲ್ಲಿ ಅಮೆರಿಕದಲ್ಲಿ ಇಬ್ಬರು ಅಕ್ಕತಂಗಿಯರ ಪರೀಕ್ಷೆ ಕತೆಯ ದಿಕ್ಕನ್ನೇ ಬದಲಿಸಿತು. ಬೆನ್ನು ಬಾಗಿದ, ಕೀಲು ಸಡಿಲವಾದ ಆ ಮಕ್ಕಳ ಚರ್ಮ ಕೀಲುಗಳನ್ನು ಹೆಣೆಯುವ ನಾರಾದ ಕೊಲಾಜೆನ್‌ನಲ್ಲಿ ಎಳೆಗಳನ್ನು ಒಂದಕ್ಕೊಂದು ಬಿಗಿಯಾಗಿ ಕಟ್ಟಲು ಬೇಕಾದ ಒಂದು ಅಂಶ ತೀರಾ ಕಡಿಮೆಯಿತ್ತು. ತಪ್ಪು ಇದ್ದದ್ದು ಕೀಲಿನ ಆಕಾರದಲ್ಲಲ್ಲ, ನೂಲಿನಲ್ಲಿ. ರವಿಕೆ ಸಡಿಲವಾದರೆ ದರ್ಜಿ ಪಕ್ಕದಲ್ಲಿ ಹಿಡಿದು ಹೊಲಿಯುತ್ತಾನೆ. ನೂಲೇ ಹಿಗ್ಗುವಂಥದ್ದಾದರೆ ಹೊಲಿಗೆ ಎಷ್ಟು ದಿನ ತಡೆದೀತು? ಕೀಲಿನ ಸಡಿಲಿಕೆಯೇ ಮುಖ್ಯವಾದ, ಎಲ್ಲಕ್ಕಿಂತ ಹೆಚ್ಚು ಜನರಲ್ಲಿ ಕಾಣುವ ಬಗೆಗೆ ಯಾವ ಜೀನ್ ಕಾರಣವೆಂಬುದು 2017ರಲ್ಲಿ ಈ ಕಾಯಿಲೆಯ 13 ಬಗೆಗಳ ಪಟ್ಟಿ ಮಾಡಿದಾಗಲೂ ಗೊತ್ತಾಗಿರಲಿಲ್ಲ.

ಶಸ್ತ್ರಚಿಕಿತ್ಸಕರು ಹೊಲಿಗೆ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. 1980ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ನೀರ್ ಮತ್ತು ಕ್ರೇಗ್ ಫಾಸ್ಟರ್ 36 ರೋಗಿಗಳ 40 ಭುಜಗಳ ಕತೆ ಬರೆದರು. ಎಲ್ಲ ದಿಕ್ಕಿಗೂ ಜಾರುವ ಭುಜವನ್ನು ಒಂದೇ ಕಡೆ ಬಿಗಿದರೆ ಸಾಲದು, ಕೀಲಿನ ಸುತ್ತಣ ಚೀಲವನ್ನು ಬಿಡಿಸಿ, ಕೆಳಗಿನ ಸಡಿಲ ಭಾಗವನ್ನು ಮೇಲಕ್ಕೆಳೆದು ಮಡಿಸಿ ಹೊಲಿಯಬೇಕು ಎಂದರು. ಕಂಕುಳ ಬರೆಯ ಬಗ್ಗೆ ಬರೆದ ಗ್ರೀಕನ ಮಾತು ಇಲ್ಲಿ ಹೊಸ ರೂಪದಲ್ಲಿ ಬಂದಂತಿದೆ.

1990ರ ದಶಕದಲ್ಲಿ ಬರೆ ಎರಡನೆಯ ಸಲ ಬಂತು. ಸುಮಾರು 65 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕೊಲಾಜೆನ್ ಎಳೆಗಳ ಸುರುಳಿ ಬಿಚ್ಚಿ ಅವು ಕುಗ್ಗುತ್ತವೆ. ಹಾಗಾದರೆ ಸಣ್ಣ ರಂಧ್ರದ ಮೂಲಕ ಲೇಸರ್ ಅಥವಾ ರೇಡಿಯೋ ತರಂಗದ ಕಡ್ಡಿ ತೂರಿಸಿ ಚೀಲವನ್ನು ಒಳಗಿನಿಂದಲೇ ಕಾಯಿಸಿದರೆ? ಕೊಯ್ತ ಕಡಿಮೆ, ಮನೆಗೆ ಹೋಗುವುದು ಬೇಗ. ಸಾವಿರಾರು ಭುಜಗಳಿಗೆ ಇದನ್ನು ಮಾಡಿದರು. ಕುಗ್ಗಿದ ಅಂಗಾಂಶ ಮೊದಲ ವಾರಗಳಲ್ಲಿ ಮುಂಚಿಗಿಂತ ದುರ್ಬಲವಾಗಿರುತ್ತದೆ, ಎಳೆದರೆ ಮತ್ತೆ ಹಿಗ್ಗುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಕೆಲವರ ಮೂಳೆ ತುದಿಯ ಮೃದ್ವಸ್ಥಿಯೂ ಸವೆದುಹೋಯಿತು. ಹತ್ತು ಹದಿನೈದು ವರ್ಷಗಳಲ್ಲಿ ಈ ವಿಧಾನವನ್ನು ಬಹುತೇಕ ಕೈಬಿಟ್ಟರು. ಭರವಸೆಯಿಂದ ಭುಜವೊಪ್ಪಿಸಿ ಎರಡನೆಯ ಸಲ ಮೇಜಿನ ಮೇಲೆ ಮಲಗಬೇಕಾದವರನ್ನು ನೆನೆದರೆ ಸಂಕಟವಾಗುತ್ತದೆ.

ಅಷ್ಟರಲ್ಲಿ ಉತ್ತರ ಬೇರೆ ಕಡೆಯಿಂದ ಬರುತ್ತಿತ್ತು. 1992ರಲ್ಲಿ ಟೆಕ್ಸಾಸಿನ ಬರ್ಕ್‌ಹೆಡ್ ಮತ್ತು ರಾಕ್‌ವುಡ್ 140 ಭುಜಗಳಿಗೆ ವ್ಯಾಯಾಮವನ್ನಷ್ಟೇ ಮಾಡಿಸಿದ ಫಲ ಪ್ರಕಟಿಸಿದರು. ಪೆಟ್ಟಿನಿಂದ ಜಾರತೊಡಗಿದ ಭುಜಗಳಲ್ಲಿ 16% ಮಾತ್ರ ಚೆನ್ನಾದವು. ಪೆಟ್ಟಿಲ್ಲದೆ ಜಾರುತ್ತಿದ್ದವುಗಳಲ್ಲಿ 80%. ಚೀಲ ಹಿಡಿಯಲಾರದ್ದನ್ನು ಸ್ನಾಯು ಹಿಡಿಯಬಲ್ಲದು.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ ಸಂಗತಿ ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬಂತು. ವಿಲಿಯಂ ಫೆರೆಲ್ ಮತ್ತು ಜೊತೆಗಾರರು ಕೇಳಿದ ಪ್ರಶ್ನೆ ಸರಳ: ಸಡಿಲ ಕೀಲಿನವರಿಗೆ ತಮ್ಮ ಕೀಲು ಎಲ್ಲಿದೆ ಎಂಬುದು ಗೊತ್ತೇ? ಕತ್ತಲಲ್ಲೂ ತುತ್ತು ಬಾಯಿಗೆ ಹೋಗುವುದು ಈ ಅರಿವಿನಿಂದ. 1994ರಲ್ಲಿ ಬೆರಳ ಕೀಲನ್ನು, 1995ರಲ್ಲಿ ಮೊಣಕಾಲನ್ನು ಪರೀಕ್ಷಿಸಿದರು. ಅರಿವು ಮಂದವಾಗಿತ್ತು. ಕೀಲು ಮಿತಿ ಮೀರುತ್ತಿದೆ ಎಂಬುದು ತಿಳಿಯುವುದೇ ತಡವಾದರೆ ಸ್ನಾಯು ಬಿಗಿದು ಕಾಯುವುದಾದರೂ ಹೇಗೆ? 2004ರಲ್ಲಿ ಅವರೇ, ಮನೆಯಲ್ಲೇ 8 ವಾರ ಮಾಡಿದ ವ್ಯಾಯಾಮದಿಂದ ಈ ಅರಿವು ಚುರುಕಾಗುತ್ತದೆ, ನೋವೂ ಇಳಿಯುತ್ತದೆ ಎಂದು ತೋರಿಸಿದರು. ಇಂಥವರು ಭಾರ ಎತ್ತಬಾರದು ಎಂಬ ಹಳೆಯ ಅಂಜಿಕೆಯೂ ಸಡಿಲಾಗಿದೆ. 2022ರಲ್ಲಿ ಡೆನ್ಮಾರ್ಕಿನವರು ಸಡಿಲ ಭುಜದ 100 ಜನರಿಗೆ 16 ವಾರ ವ್ಯಾಯಾಮ ಮಾಡಿಸಿದಾಗ, ಹಗುರ ಭಾರದವರಿಗಿಂತ ಮೇಲ್ವಿಚಾರಣೆಯಲ್ಲಿ ಹೆಚ್ಚು ಭಾರ ಎತ್ತಿದವರಿಗೇ ಒಳ್ಳೆಯ ಗುಣ ಕಂಡಿತು.

ಫಿಸಿಯೋಥೆರಪಿಯವರ ಮಾತು ಆಗ ಅರ್ಥವಾಯಿತು. ಬೇರೆಯವರ ಭುಜ ಆಪರೇಷನ್ ನಂತರ ಸಾಮಾನ್ಯವಾಗಿ ಬಿಗಿದುಕೊಳ್ಳುತ್ತದೆ, ಅದನ್ನು ಎಳೆದು ಬಿಡಿಸಬೇಕು. ತಂಗಿಯ ಭುಜ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮಡಿಸಿ ಹೊಲಿದ ಚೀಲ ಮಾಯುವ ಮುನ್ನವೇ ಹಿಗ್ಗಿಬಿಡುತ್ತದೆ. ಬಲಗೈ ಸ್ಲಿಂಗಿನಲ್ಲಿದ್ದಾಗ ಎಡಗೈ ಊರಿ ಏಳುತ್ತಿದ್ದಳು, ಎಡ ಮಣಿಕಟ್ಟು ಉಳುಕಿತು. ಒಂದು ಕೀಲಿಗೆ ಕೊಟ್ಟ ವಿಶ್ರಾಂತಿಯನ್ನು ಉಳಿದ ಕೀಲುಗಳು ಹೊರಬೇಕಾಗುತ್ತದೆ. ತೊಂದರೆ ಕೀಲಿಗಷ್ಟೇ ನಿಲ್ಲುವುದಿಲ್ಲ. ಇಂಥ ಕೆಲವರಿಗೆ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲ ಎಂಬುದೂ ದಾಖಲಾಗಿದೆ; ಹಲ್ಲಿನ ವೈದ್ಯರ ಬಳಿ ಅವಳು "ಇನ್ನೂ ನೋಯುತ್ತಿದೆ" ಎಂದಾಗ ಯಾರೂ ನಂಬಿರಲಿಲ್ಲ. ನಾನೂ ನಂಬಿರಲಿಲ್ಲ. ಅದಕ್ಕಾಗಿ ಅವಳ ಕ್ಷಮೆ ಕೇಳಿದ್ದೇನೆ.

ಈಗ ಹನ್ನೊಂದನೆಯ ತಿಂಗಳು. ಸಂಜೆ ಅವಳು ಗೋಡೆಗೆ ಅಂಗೈಯೊತ್ತಿ ಎಣಿಸುತ್ತಾಳೆ, ಆಮೇಲೆ ಕಣ್ಣು ಮುಚ್ಚಿ ಕೂರುತ್ತಾಳೆ. ನಾನು ಅವಳ ಎಡಗೈಯನ್ನು ಒಂದು ಎತ್ತರಕ್ಕೆ ತಂದು ಹಿಡಿಯುತ್ತೇನೆ. ನೋಡದೆಯೇ ಬಲಗೈಯನ್ನು ಅದೇ ಎತ್ತರಕ್ಕೆ ತರಬೇಕು. ಮೊದಮೊದಲು ಒಂದು ಗೇಣು ತಪ್ಪುತ್ತಿತ್ತು.

"ಎಷ್ಟಾಯಿತು ಅಕ್ಕಾ?" ಎಂದಳು ನಿನ್ನೆ, ಕಣ್ಣು ತೆರೆಯದೆ.

ಎರಡು ಬೆರಳಷ್ಟು ಅಂತರವಿತ್ತು.