ಉಕ್ಕು ವೂಟ್ಜ್ ಆದ ಕಥೆ, ಕೈತಪ್ಪಿದ ಕಥೆ

ವೂಟ್ಜ್ ಸ್ಟೀಲ್ ಅನ್ನೋ ಹೆಸರನ್ನ ಮೆಟೀರಿಯಲ್ಸ್ ಕ್ಲಾಸಿನಲ್ಲಿ ಕೇಳಿರ್ತೀರಿ. ಅದು ನಮ್ಮ ‘ಉಕ್ಕು’ ಪದವೇ ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡದ್ದು ಅಂತ ಅನೇಕ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಆ ಹೆಸರೇ ಇದೆ. ಮೈಮೇಲೆ ನೀರಿನ ಅಲೆಯಂಥ ಗೆರೆಗಳಿದ್ದ ಹೆಸರಾಂತ ‘ಡಮಾಸ್ಕಸ್’ ಕತ್ತಿಗಳಲ್ಲಿ ಎಷ್ಟೋ ಕತ್ತಿಗಳ ಉಕ್ಕು ದಕ್ಷಿಣ ಭಾರತದಿಂದಲೇ ಹೋಗಿದ್ದು.

ಮಾಡುವ ಕ್ರಮವನ್ನು ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ 1800ರ ಸುಮಾರಿಗೆ ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಒಂದೆರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ, ಮೂಸೆಗಳನ್ನು ಇದ್ದಿಲ ಕುಲುಮೆಯಲ್ಲಿ ಜೋಡಿಸಿ, ಗಂಟೆಗಟ್ಟಲೆ ತಿದಿ ಒತ್ತೋದು. ಕಡ್ಡಿ, ಎಲೆ ಸುಟ್ಟು ಕಾರ್ಬನ್ ಆಗಿ ಕಬ್ಬಿಣಕ್ಕೆ ಇಳಿಯುತ್ತೆ, ಲೋಹ ಕರಗುತ್ತೆ. ತಣ್ಣಗಾದ ಮೇಲೆ ಮೂಸೆ ಒಡೆದರೆ ಉಕ್ಕಿನ ಗಟ್ಟಿ.

ಅದರಲ್ಲಿ ಕಾರ್ಬನ್ ಹೆಚ್ಚುಕಮ್ಮಿ 1.5 ಶೇಕಡಾ. ನಮ್ಮ ವರ್ಕ್‌ಶಾಪಿನ ಮೈಲ್ಡ್ ಸ್ಟೀಲಿನಲ್ಲಿ 0.2ರ ಆಸುಪಾಸು. ಇಷ್ಟು ಕಾರ್ಬನ್ ಇರೋದನ್ನ ಬೆಳ್ಳಗೆ ಕಾಯಿಸಿ ಬಡಿದರೆ ಪುಡಿಪುಡಿ. ಯೂರೋಪಿನ ಕಮ್ಮಾರರು ಎಡವಿದ್ದು ಅಲ್ಲೇ. ಕೆಂಪಗೆ ಮಾತ್ರ ಕಾಯಿಸಿ, ಬಡಿದು, ಮತ್ತೆ ಕಾಯಿಸಿ, ಮತ್ತೆ ಬಡಿಯೋ ತಾಳ್ಮೆ ಬೇಕು. ಹಾಗೆ ಮಾಡಿದಾಗ ಸಿಮೆಂಟೈಟ್ ಕಣಗಳು ಸಾಲುಗಟ್ಟುತ್ತವೆ, ಆ ಸಾಲುಗಳೇ ಕತ್ತಿಯ ಮೇಲಿನ ಅಲೆಗಳು.

ಆದ್ರೆ ಸಾಲುಗಟ್ಟೋಕೆ ಇನ್ನೊಂದು ಬೇಕು. ಮೈಕಲ್ ಫ್ಯಾರಡೆಯೂ (ಹೌದು, ನಮ್ಮನ್ನ ಇಂಡಕ್ಷನ್‌ನಲ್ಲಿ ಕಾಡಿದವನೇ) 1820ರ ಆಸುಪಾಸಿನಲ್ಲಿ ವೂಟ್ಜ್ ಹಿಂದೆ ಬಿದ್ದು, ಗುಟ್ಟು ಅಲ್ಯೂಮಿನಿಯಂ, ಸಿಲಿಕಾ ಅಂದುಕೊಂಡ. ತಪ್ಪಿತ್ತು. 1990ರ ದಶಕದಲ್ಲಿ ಅಮೆರಿಕದ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಸೇರಿ ಹಳೆಯ ಕತ್ತಿಗಳನ್ನ ಪರೀಕ್ಷಿಸಿ, ತಾವೇ ಕತ್ತಿ ಬಡಿದು ನೋಡಿದ್ರು. ಅವರ ಉತ್ತರ: ವನೇಡಿಯಂನಂಥ ಧಾತು, ಶೇಕಡಾ 0.1ಕ್ಕೂ ಎಷ್ಟೋ ಕಡಿಮೆ. ಅದಿರಿನಲ್ಲೇ ತಾನಾಗಿ ಇದ್ದ ಕಲ್ಮಶ!

ಹಾಗಾದ್ರೆ ವಿದ್ಯೆ ಯಾಕೆ ಹೋಯ್ತು? ಇಂಗ್ಲೆಂಡಿನ ಅಗ್ಗದ ಉಕ್ಕು ಬಂತು, ಕತ್ತಿಗೆ ಬೇಡಿಕೆ ಬತ್ತಿತು. ಇವೆಲ್ಲ ನಿಜ. ವರ್ಹೋವನ್ ಇನ್ನೊಂದು ಕಾರಣ ಸೇರಿಸ್ತಾರೆ: ಆ ಅದಿರು ಸಿಗೋದು ನಿಂತಿರಬಹುದು. ನನಗೆ ಕಾಡೋದು ಇದೇ. ‘ನಮ್ಮವರು ಗುಟ್ಟು ಮುಚ್ಚಿಟ್ಟರು’ ಅಂತ ಫಾರ್ವರ್ಡ್‌ಗಳು ಬರ್ತಾವಲ್ಲ, ಗುಟ್ಟಿನ ಅರ್ಧಭಾಗ ಅವರಿಗೂ ಗೊತ್ತಿರಲಿಲ್ಲ. ಅಪ್ಪ ಹೇಳಿಕೊಟ್ಟಂತೆಯೇ ಬೇರೆ ಗಣಿಯ ಕಬ್ಬಿಣ ಕರಗಿಸಿ, ಅಷ್ಟೇ ಹದವಾಗಿ ಬಡಿದ ಮಗನಿಗೆ ಅಲೆಗಳು ಮೂಡದಿದ್ದರೆ, ತಪ್ಪು ತನ್ನ ಕೈಯದೇ ಅಂದುಕೊಂಡಿರ್ತಾನೆ, ಪಾಪ.