ಗೋಡೆಯೊಳಗಿನ ಗ್ಯಾಸ್

ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನಿಂದ ಓದುಗರೊಬ್ಬರು ಕೇಳಿದ್ದಾರೆ: "ಕಬ್ಬಿಣವನ್ನೂ ತಿನ್ನುವಂಥ ಆಸಿಡ್ಡು ಹೊಟ್ಟೆಯಲ್ಲಿದೆ ಅಂತೀರಿ. ಮತ್ತೆ ಜಠರದಲ್ಲಿ ಕೀವಾಗೋದು ಹೇಗೆ ಸ್ವಾಮಿ?" ಒಳ್ಳೇ ಪಟ್ಟು ಹಾಕಿದ್ದಾರೆ. ಆಸಿಡ್ ಇರುವುದು ಚೀಲದೊಳಗೆ, ಕೀವಾಗುವುದು ಚೀಲದ ಗೋಡೆಯೊಳಗೆ.

ನಿಮ್ಮೂರ ಲಕ್ಷ್ಮೀನಾರಾಯಣ ದೇವಸ್ಥಾನದ ಹೊರಗೋಡೆಯ ಬುಡವನ್ನೇ ನೋಡಿ. ಆನೆ, ಕುದುರೆ ಸವಾರರು, ಬಳ್ಳಿ, ರಾಮಾಯಣ-ಮಹಾಭಾರತ, ಮಕರ, ಹಂಸ ಹೀಗೆ ಪಟ್ಟಿಯ ಮೇಲೆ ಪಟ್ಟಿ. ಜಠರದ ಗೋಡೆಯೂ ಹಾಗೇ ಪದರ ಪದರ. ಆಸಿಡ್ಡಿಗೆ ಎದುರಾಗಿ ನಿಂತಿರುವುದು ಲೋಳೆಪೊರೆ ಮಾತ್ರ. ಅದರ ಹಿಂದಿನ ಪದರ ಸಡಿಲ, ತುಂಬ ರಕ್ತನಾಳ. ಆಸಿಡ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಮೀನಿನ ಮುಳ್ಳು ಗೀರಿದ ಜಾಗ, ವಿಪರೀತ ಕುಡಿತದಿಂದ ಕೆಟ್ಟ ಪೊರೆ, ಇಲ್ಲವೇ ರಕ್ತದ ದಾರಿ ಹಿಡಿದು ಬ್ಯಾಕ್ಟೀರಿಯಾ ಆ ಪದರಕ್ಕೆ ಇಳಿದರೆ ಕೇಳುವವರಿಲ್ಲ. ಹೆಚ್ಚಾಗಿ ಇಳಿಯುವುದು ಸ್ಟ್ರೆಪ್ಟೊಕಾಕಸ್. ಇದೇ ಫ್ಲೆಗ್ಮೊನಸ್ ಗ್ಯಾಸ್ಟ್ರೈಟಿಸ್. ಅಪರೂಪಕ್ಕೆ ಅನ್ನನಾಳದ ಗೋಡೆಯಲ್ಲೂ ಹೀಗಾಗುವುದುಂಟು. ಎಂಡೋಸ್ಕೋಪಿಯಲ್ಲಿ ಮೇಲ್ಮೈಯಿಂದ ಚಿವುಟಿ ತೆಗೆದ ಚೂರು ಕೆಲವೊಮ್ಮೆ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ, ರೋಗ ಅದರ ಹಿಂದೆ ಕೂತಿರುತ್ತದೆ.

ನನಗೆ ಭಾರೀ ಸೋಜಿಗ ಅನ್ನಿಸುವುದು ಇದರ ದಾಯಾದಿ. 1889ರಲ್ಲಿ ಜರ್ಮನಿಯ ವೈದ್ಯ ಫ್ರಾಂಕೆಲ್ ಮೊದಲು ವರ್ಣಿಸಿದ ಎಂಫೈಸಿಮೇಟಸ್ ಗ್ಯಾಸ್ಟ್ರೈಟಿಸ್. ಈ ಸಲ ಒಳನುಗ್ಗುವುದು ಇ. ಕೋಲಿ, ಕ್ಲಾಸ್ಟ್ರಿಡಿಯಂಗಳಂಥ ಗ್ಯಾಸ್ ಮಾಡುವ ಜಾತಿಗಳು. ಗೋಡೆಯೊಳಗೇ ಉಂಡು, ಗೋಡೆಯೊಳಗೇ ಗಾಳಿ ಬಿಡುತ್ತವೆ! ಸಿ.ಟಿ. ಸ್ಕ್ಯಾನಿನಲ್ಲಿ ಉಬ್ಬಿದ ಗೋಡೆಯ ತುಂಬ ಕಪ್ಪು ಗುಳ್ಳೆಗಳು ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ತಮಾಷೆಯೆಂದರೆ, ಜೋರಾಗಿ ವಾಂತಿಯಾದಾಗ ಬರೀ ಗಾಳಿಯೇ ಗೋಡೆಯೊಳಗೆ ನುಸುಳುವುದುಂಟು. ಆಗ ಗುಳ್ಳೆಯ ಬದಲು ಸಾಮಾನ್ಯವಾಗಿ ತೆಳು ಕಪ್ಪು ಗೆರೆ, ರೋಗಿಯೂ ಆರಾಮಾಗಿರುತ್ತಾನೆ, ಬಹುಪಾಲು ತಾನಾಗೇ ಹೋಗುತ್ತದೆ. ಗುಳ್ಳೆಯೋ ಗೆರೆಯೋ ಎನ್ನುವುದರ ಮೇಲೆ ಒಂದು ಜೀವದ ಲೆಕ್ಕಾಚಾರವೇ ಬದಲಾಗಬಹುದು.

ನಾವೋ, ಎದೆನೋವಿಗೂ ಬೆನ್ನುನೋವಿಗೂ "ಗ್ಯಾಸು" ಅಂತ ಸೋಡಾ ಕುಡಿದು ಮಲಗುವ ಜನ. ಹಾರ್ಟ್ ಅಟ್ಯಾಕನ್ನೂ ಹಾಗೇ ಮಲಗಿಸಿ ಕಳಕೊಂಡ ಮನೆಗಳಿವೆ. ಸಕ್ಕರೆ ಕಾಯಿಲೆಯವರಿಗೆ, ಕುಡಿತದವರಿಗೆ, ಸ್ಟಿರಾಯ್ಡ್ ತಗೊಳ್ಳುವವರಿಗೆ ಮೇಲ್ಹೊಟ್ಟೆ ನೋವಿನ ಜೊತೆ ಜ್ವರ, ವಾಂತಿ ಬಂದರೆ ಮನೆಮದ್ದು ಬೇಡ, ಆಸ್ಪತ್ರೆ ಸೇರಿ. ರಕ್ತನಾಳಕ್ಕೆ ಆಂಟಿಬಯಾಟಿಕ್ ಬೇಗ ಹತ್ತಿದರೆ ಎಷ್ಟೋ ಜನ ಉಳಿಯುತ್ತಾರೆ, ಕೆಲವರಿಗೆ ಜಠರದ ಭಾಗವನ್ನೇ ತೆಗೆಯಬೇಕಾಗುತ್ತದೆ.

ಇನ್ನೊಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೊಟ್ಟೆನೋವು ಬಿಡಲಿಲ್ಲವೆಂದರೆ ನಮ್ಮ ಕಡೆ "ಯಾರೋ ಮದ್ದು ಹಾಕವ್ರೆ" ಅನ್ನುತ್ತಾರೆ. ಸೊಪ್ಪಿನ ರಸ ಕುಡಿಸಿ, ಕರುಳು ಕಿತ್ತು ಬರುವಂತೆ ವಾಂತಿ ಮಾಡಿಸಿ, ಬಿದ್ದ ಗಂಟನ್ನೇ ಶತ್ರು ಊಟದಲ್ಲಿ ಇಟ್ಟ ಮದ್ದೆಂದು ತೋರಿಸಿ ದುಡ್ಡು ಎಣಿಸಿಕೊಳ್ಳುತ್ತಾರೆ. ಹಾಲು ಕುಡಿದ ಯಾರ ಹೊಟ್ಟೆಯಲ್ಲಾದರೂ ಆಸಿಡ್ ತಾಗಿ ಹಾಲು ಒಡೆದು ಗಂಟಾಗುತ್ತದೆ, ಅದಕ್ಕೆ ಶತ್ರು ಬೇಕಿಲ್ಲ.

1723ರಲ್ಲಿ ಡಚ್ ನೌಕಾಧಿಪತಿ ವಾನ್ ವಾಸೆನಾರ್ ಮಾಡಿಕೊಂಡದ್ದೂ ಇಂಥದೇ ಬಲವಂತದ ವಾಂತಿ. ಗಡದ್ದಾಗಿ ಉಂಡು, ಹೊಟ್ಟೆ ಭಾರವಾಗಿ, ಅಭ್ಯಾಸದಂತೆ ವಾಂತಿಯ ಔಷಧಿ ಕುಡಿದ. ಅನ್ನನಾಳ ಹರಿಯಿತು, ಒಂದು ದಿನ ತುಂಬುವುದರೊಳಗೆ ಸತ್ತ. ಲೈಡನ್ನಿನ ವೈದ್ಯ ಬೋರ್ಹಾವೆ ಶವ ಕೊಯ್ದಾಗ ಎದೆಗೂಡಿನಿಂದ ಬಂದದ್ದು ಅವನು ಉಂಡ ಬಾತುಕೋಳಿ ಮಾಂಸದ ವಾಸನೆ! ಹರಿದ ತೂತಿನಲ್ಲಿ ಅನ್ನ, ಎಂಜಲು, ಬಾಯಿಯ ಬ್ಯಾಕ್ಟೀರಿಯಾ ಎಲ್ಲ ಎದೆಗೂಡಿಗೆ ಸುರಿದು ಕೊಳೆಯುತ್ತವೆ. ಇಂಥ ಹರಕನ್ನು ಹೊಲಿದು ರೋಗಿಯನ್ನು ಉಳಿಸಲು ಇಂಗ್ಲೆಂಡಿನ ನಾರ್ಮನ್ ಬ್ಯಾರೆಟ್ ಬರಬೇಕಾಯಿತು, ಅದೂ 1947ರಲ್ಲಿ. ಇವತ್ತಿಗೂ ಮೊದಲ 24 ಗಂಟೆಯೊಳಗೆ ಪತ್ತೆಯಾದರೆ ಬದುಕುವ ಅವಕಾಶ ಹೆಚ್ಚು. ಮದ್ದು ತೆಗೆಯುವವನ ಜಗಲಿಯಲ್ಲಿ ಕಳೆಯುವುದು ಆ ಗಂಟೆಗಳನ್ನೇ.