ಐದು ಕಾಲಿನ ಡಬ್ಬಿ

ಎಸ್‌ಪಿ ರೋಡಿನ ಗುಜರಿ ಅಂಗಡಿಯಲ್ಲಿ ಹಳೇ ಟೆಲಿಕಾಂ ಬೋರ್ಡೊಂದು ಸಿಕ್ಕಿತು. ಅದರಲ್ಲಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ಲೋಹದ ಡಬ್ಬಿಯ ಮೇಲೆ ‘10.000 ಮೆಗಾಹರ್ಟ್ಸ್’ ಅಂತ ಮಾತ್ರ ಬರೆದಿತ್ತು. ಅದು ಒಸಿಎಕ್ಸ್‌ಒ: ಒಳಗಿನ ಕ್ವಾರ್ಟ್ಜ್ ಹರಳನ್ನು ಸದಾ ಒಂದೇ ಬಿಸಿಯಲ್ಲಿಡಲು ಪುಟ್ಟ ಒಲೆ ಇರುವ ಆಸಿಲೇಟರ್. ನನ್ನ ಫ್ರೀಕ್ವೆನ್ಸಿ ಕೌಂಟರ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ ಐದು ಪಿನ್, ಡೇಟಾಶೀಟ್ ಇಲ್ಲ. ಪ್ಲಸ್ ತಪ್ಪು ಪಿನ್‌ಗೆ ಹೋದರೆ ಮುಗೀತು, ಇನ್ನೊಂದು ಪೀಸ್ ಅಂಗಡಿಯಲ್ಲಿ ಇರಲಿಲ್ಲ.

ಪುಣ್ಯಕ್ಕೆ ಡಬ್ಬಿಯನ್ನು ಇನ್ನೂ ಬೋರ್ಡಿನಿಂದ ಕಿತ್ತಿರಲಿಲ್ಲ. ಇಂಥ ಹೊತ್ತಲ್ಲಿ ಬೋರ್ಡೇ ಡೇಟಾಶೀಟ್! ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ವೈರ್ ಡಬ್ಬಿಯ ಮೈಗೆ, ಇನ್ನೊಂದು ಒಂದೊಂದೇ ಪಿನ್‌ಗೆ ಮುಟ್ಟಿಸಿದೆ. ಕೂಗಿದ್ದು ಗ್ರೌಂಡ್. ಅಗಲವಾದ ಟ್ರ್ಯಾಕ್ ಹಿಡಿದು ಹೋದರೆ 7812 ರೆಗ್ಯುಲೇಟರ್. ಅಂದರೆ ಅದು ಸಪ್ಲೈ, 12 ವೋಲ್ಟ್. ಸಣ್ಣ ಕೆಪಾಸಿಟರ್ ದಾಟಿ ಲಾಜಿಕ್ ಚಿಪ್ ಸೇರಿದ್ದು ಔಟ್‌ಪುಟ್. ಉಳಿದೆರಡು ತುಂಬಾ ಆಟ ಆಡಿಸಿದವು. ಕೊನೆಗೆ ಎರಡೂ ಒಂದೇ ಡಿಎಸಿ ಚಿಪ್‌ಗೆ ಹೋಗಿದ್ದು ಕಂಡಿತು: ಒಂದು ಫ್ರೀಕ್ವೆನ್ಸಿ ತಿದ್ದುವ ಪಿನ್, ಇನ್ನೊಂದು ಡಬ್ಬಿಯೇ ಹೊರಗೆ ಕೊಡುವ ರೆಫರೆನ್ಸ್ ವೋಲ್ಟೇಜ್.

ಆಮೇಲೆ ಕಿತ್ತು, ಪವರ್ ಸಪ್ಲೈನಲ್ಲಿ ಕರೆಂಟ್ ಲಿಮಿಟ್ ಹಾಕಿ ಆನ್ ಮಾಡಿದೆ. ಅರ್ಧ ಆಂಪಿಯರ್ ಹತ್ತಿರ ಹೋಯಿತು. ಒಲೆ ಬಿಸಿಯಾಗಲು ಅಷ್ಟು ಬೇಕು ಅಂತ ಗೊತ್ತಿದ್ದರೂ ಎದೆ ಧಸಕ್ಕೆಂದಿತು. ಐದು ನಿಮಿಷದಲ್ಲಿ ಡಬ್ಬಿ ಬೆಚ್ಚಗಾಗಿ ಕರೆಂಟ್ ತಾನಾಗಿ ಇಳಿಯಿತು. ಸ್ಕೋಪಿನಲ್ಲಿ 10 ಮೆಗಾಹರ್ಟ್ಸ್ ಅಲೆ!

ತಿದ್ದುವ ಪಿನ್ ಇನ್ನೂ ಮುಟ್ಟಿಲ್ಲ. ಎಷ್ಟೋ ಕಾಲ ತಣ್ಣಗೆ ಬಿದ್ದಿದ್ದ ಹರಳು, ಮೊದಲು ಒಂದು ವಾರ ಬಿಸಿಯಲ್ಲಿ ಇರಲಿ.